ತಳಿ ಕೆಟ್ಟಿತೇ, ತುಕ್ಕು ಬದಲಾಯಿತೇ?

ಅರೇಬಿಕಾ ಬೆಳೆಯುವ ನಮ್ಮ ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. "ಹಿರಿಯರ ಕಾಲದಲ್ಲಿ ಎಸ್. 795 ಗಿಡಕ್ಕೆ ತುಕ್ಕು ಅಷ್ಟಾಗಿ ಬರುತ್ತಿರಲಿಲ್ಲ. ಈಗ ಅದೇ ತಳಿಯ ಗಿಡಗಳು ಮಳೆಗಾಲ ಮುಗಿಯುವಷ್ಟರಲ್ಲಿ ಎಲೆ ಉದುರಿಸಿ ಬರಿ ರೆಕ್ಕೆಯಾಗಿ ನಿಲ್ಲುತ್ತವೆ. ತಳಿ ಕೆಟ್ಟಿತೇ?" ಇದಕ್ಕೆ ಊರಿನಲ್ಲಿ ಸಿಗುವ ಉತ್ತರಗಳೂ ನಮಗೆ ಗೊತ್ತಿವೆ. ಬೀಜ ಕಲಬೆರಕೆಯಾಯಿತು ಎನ್ನುವವರಿದ್ದಾರೆ. ಮಣ್ಣಿನ ಸತ್ವ ಹೋಯಿತು ಎನ್ನುವವರಿದ್ದಾರೆ. ತಳಿಗೂ ಮನುಷ್ಯನಂತೆ ವಯಸ್ಸಾಗುತ್ತದೆ ಎಂದು ನಂಬಿದವರೂ ಉಂಟು.

ಬೀಜ ಬೆರೆತಿರುವುದೂ ಮಣ್ಣು ಸೋತಿರುವುದೂ ಕೆಲವು ತೋಟಗಳಲ್ಲಿ ನಿಜವಿರಬಹುದು. ಆದರೆ ಮುಖ್ಯ ಕಾರಣ ಇವು ಯಾವುವೂ ಅಲ್ಲ. ಗಿಡ ಬಹುಮಟ್ಟಿಗೆ ಹಿಂದೆ ಇದ್ದಂತೆಯೇ ಇದೆ. ಬದಲಾದದ್ದು ಎಲೆಯ ಅಡಿಯಲ್ಲಿ ಕುಳಿತಿರುವ ಶಿಲೀಂಧ್ರ. ಜೀವಿಗಳ ವಿಕಾಸ ಎಂದು ವಿಜ್ಞಾನಿಗಳು ಕರೆಯುವ ಕ್ರಿಯೆ ಕೋಟ್ಯಂತರ ವರ್ಷಗಳ ಹಿಂದೆ ಎಲ್ಲೋ ನಡೆದು ಮುಗಿದ ಸಂಗತಿಯಲ್ಲ. ಅದು ನಮ್ಮ ತೋಟದಲ್ಲಿ ಪ್ರತಿ ಮಳೆಗಾಲವೂ ನಡೆಯುತ್ತಿದೆ. ಮರುನಾಟಿಗೆ ಕೈಹಾಕುವ ಸಣ್ಣ ಬೆಳೆಗಾರನಿಗೆ ಈ ತಿಳುವಳಿಕೆ ಬೇಕು. ಏಕೆಂದರೆ ಇಂದು ಆರಿಸಿದ ತಳಿಯೊಂದಿಗೆ ಅವನೂ ಅವನ ಮಕ್ಕಳೂ ಹಲವು ದಶಕ ಬಾಳಬೇಕಾಗುತ್ತದೆ.

ಒಂದು ಗಿಡವಲ್ಲ, ಇಡೀ ಸಮುದಾಯ

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ವಿಕಾಸ ಎಂದಾಗ ಒಂದು ಪ್ರಾಣಿಯೋ ಗಿಡವೋ ತನ್ನ ಆಯುಷ್ಯದಲ್ಲಿ ಬದಲಾಗುತ್ತದೆ ಎಂದು ತಿಳಿಯುವುದುಂಟು. ಅದು ಸರಿಯಲ್ಲ. ಬದಲಾಗುವುದು ಸಮುದಾಯ, ಎಂದರೆ ಒಂದೇ ಜಾತಿಯ ಅನೇಕ ಜೀವಿಗಳ ಗುಂಪು. ಗುಂಪಿನಲ್ಲಿ ಎಲ್ಲವೂ ಒಂದೇ ತೆರನಾಗಿರುವುದಿಲ್ಲ. ಗುಣಗಳಲ್ಲಿ ವ್ಯತ್ಯಾಸವಿರುತ್ತದೆ. ಆ ವ್ಯತ್ಯಾಸಗಳಲ್ಲಿ ಹಲವು ವಂಶವಾಹಿಗಳ ಮೂಲಕ ತಾಯಿತಂದೆಯಿಂದ ಮರಿಗೆ ಇಳಿದು ಬರುತ್ತವೆ. ಯಾವ ಗುಣವುಳ್ಳವು ಹೆಚ್ಚು ಮರಿಗಳನ್ನು ಉಳಿಸಿಹೋಗುತ್ತವೆಯೋ ಆ ಗುಣ ಮುಂದಿನ ತಲೆಮಾರಿನಲ್ಲಿ ಹೆಚ್ಚು ಕಾಣಿಸುತ್ತದೆ. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ಮುಂದಿಟ್ಟ ನಿಸರ್ಗದ ಆಯ್ಕೆಯ ತತ್ತ್ವದ ಸಾರ ಇಷ್ಟೇ.

ಕಾಫಿ ಕ್ಯೂರಿಂಗಿನ ಜರಡಿಯನ್ನು ನಾವೆಲ್ಲ ನೋಡಿದ್ದೇವೆ. ಜರಡಿ ಯಾವ ಕಾಳನ್ನೂ ದಪ್ಪ ಮಾಡುವುದಿಲ್ಲ; ಇದ್ದ ಕಾಳುಗಳನ್ನು ಬೇರ್ಪಡಿಸುತ್ತದೆ, ಅಷ್ಟೆ. ಆದರೂ ಜರಡಿಯ ಮೇಲೆ ಉಳಿದ ರಾಶಿಯನ್ನು ಮಾತ್ರ ನೋಡಿದವನಿಗೆ ಕಾಳೇ ದಪ್ಪವಾದಂತೆ ಕಾಣುತ್ತದೆ. ನಿಸರ್ಗದ ಆಯ್ಕೆಯೂ ಇಂಥ ಜರಡಿಯೇ. ಒಂದೇ ವ್ಯತ್ಯಾಸವೆಂದರೆ, ಇಲ್ಲಿ ಜರಡಿಯ ಮೇಲೆ ಉಳಿದ ಕಾಳುಗಳು ಮರಿ ಹಾಕುತ್ತವೆ. ಆ ಮರಿಗಳು ಮತ್ತೆ ಜರಡಿಗೆ ಬೀಳುತ್ತವೆ.

ಈ ಏರಿಳಿತಕ್ಕೆ ಲೆಕ್ಕ ಕಟ್ಟಬಹುದೆಂದು 1920 ಮತ್ತು 30ರ ದಶಕಗಳಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಆರ್. ಎ. ಫಿಶರ್, ಜೆ. ಬಿ. ಎಸ್. ಹಾಲ್ಡೇನ್ ಮತ್ತು ಅಮೆರಿಕದ ಸೀವಾಲ್ ರೈಟ್. ನೂರು ವಂಶವಾಹಿಗಳಲ್ಲಿ ಇಂಥದು ಎಷ್ಟು, ತಲೆಮಾರಿನಿಂದ ತಲೆಮಾರಿಗೆ ಆ ಪಾಲು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬುದೇ ಅವರ ಶಾಸ್ತ್ರದ ವಿಷಯ. ಇವರಲ್ಲಿ ಹಾಲ್ಡೇನರು 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿನ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ರೋಗಗಳ ಬಗ್ಗೆ ಅವರು ಹೇಳಿದ ಮಾತೊಂದನ್ನು ಮುಂದೆ ನೋಡೋಣ.

ಏಳು ಬೀಜಗಳಲ್ಲಿ ಎಷ್ಟು ಬಂತು?

ಸಮುದಾಯ ಬದಲಾಗಲು ಆಯ್ಕೆಯೊಂದೇ ಕಾರಣವಲ್ಲ. ಬರೀ ಅದೃಷ್ಟವೂ ಕಾರಣವಾಗುತ್ತದೆ. ಇದಕ್ಕೆ ನಮ್ಮ ಕಾಫಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಅರೇಬಿಕಾ ಕಾಫಿಯ ತವರು ಇಥಿಯೋಪಿಯದ ಕಾಡುಗಳು. ಅಲ್ಲಿಂದ ಅದು ಕೆಂಪು ಸಮುದ್ರ ದಾಟಿ ಯೆಮನ್ ದೇಶಕ್ಕೆ ಬಂತು. 17ನೇ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ನಮ್ಮಲ್ಲಿ ಮಕ್ಕಳಿಗೂ ಗೊತ್ತು. 1690ರ ದಶಕದಲ್ಲಿ ಡಚ್ಚರು ಮಲಬಾರಿನಿಂದ ಕಾಫಿಯನ್ನು ಜಾವಾಕ್ಕೆ ಒಯ್ದರು. ಜಾವಾದಿಂದ 1706ರಲ್ಲಿ ಆಮ್ಸ್ಟರ್‌ಡ್ಯಾಮಿಗೆ, ಅಲ್ಲಿಂದ 1714ರಲ್ಲಿ ಪ್ಯಾರಿಸ್ಸಿಗೆ ಗಿಡ ಹೋಯಿತು. ಬೆರಳೆಣಿಕೆಯ ಈ ಗಿಡಗಳ ಸಂತತಿಯೇ ಮುಂದೆ ಅಮೆರಿಕ ಖಂಡದ ಅನೇಕ ತೋಟಗಳನ್ನು ತುಂಬಿತು.

ಹೀಗೆ ಪ್ರತಿ ಪ್ರಯಾಣದಲ್ಲೂ ದೊಡ್ಡ ರಾಶಿಯಿಂದ ಒಂದು ಹಿಡಿ ಮಾತ್ರ ಮುಂದಕ್ಕೆ ಹೋಯಿತು. ಒಂದು ಮೂಟೆ ಕಾಳಿನಲ್ಲಿ ನೂರಕ್ಕೆ ಒಂದು ಕಾಳು ಮಾತ್ರ ಒಂದು ವಿಶೇಷ ಗುಣವುಳ್ಳದ್ದು ಎಂದಿಟ್ಟುಕೊಳ್ಳೋಣ. ಕಣ್ಣು ಮುಚ್ಚಿ ಏಳು ಕಾಳು ತೆಗೆದರೆ, ಆ ವಿಶೇಷದ ಕಾಳು ಒಂದೂ ಕೈಗೆ ಬಾರದಿರುವ ಸಾಧ್ಯತೆ ನೂರಕ್ಕೆ 93. ಹಾಗೆ ಬಿಟ್ಟುಹೋದ ಗುಣ ಕೆಟ್ಟದ್ದೆಂದು ಯಾರೂ ತಿರಸ್ಕರಿಸಿದ್ದಲ್ಲ. ಕೈಗೆ ಸಿಗಲಿಲ್ಲ, ಅಷ್ಟೆ. ತುಕ್ಕನ್ನು ತಡೆಯುವ ಎಷ್ಟೋ ವಂಶವಾಹಿಗಳು ಹೀಗೆ ತವರಿನ ಕಾಡಿನಲ್ಲೇ ಉಳಿದುಕೊಂಡವು.

ಇದರ ಮೇಲೆ ಇನ್ನೊಂದು ಸಂಗತಿ ಸೇರಿತು. ಅರೇಬಿಕಾ ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ನೂರಕ್ಕೆ ತೊಂಬತ್ತರಷ್ಟು ಕಾಯಿ ಹೀಗೆಯೇ ಕಚ್ಚುತ್ತದೆ. ಆದುದರಿಂದ ಮಗಳು ಗಿಡ ತಾಯಿಯನ್ನೇ ಹೋಲುತ್ತದೆ. ಬೀಜದಿಂದಲೇ ತಳಿಯನ್ನು ಉಳಿಸಿಕೊಳ್ಳಬಹುದಾದ್ದರಿಂದ ಬೆಳೆಗಾರನಿಗೆ ಇದು ಅನುಕೂಲ. ಆದರೆ ಗುಡ್ಡ ತುಂಬಾ ಒಂದೇ ಅಚ್ಚಿನ ಗಿಡಗಳು ನಿಂತರೆ ಅದು ರೋಗಕ್ಕೂ ಅನುಕೂಲವೇ.

ಸಿಲೋನಿನ ಪಾಠ

1869ರಲ್ಲಿ ಸಿಲೋನಿನಿಂದ ಬಂದ ಕಾಫಿ ಎಲೆಗಳ ಮೇಲಿನ ಕಿತ್ತಳೆ ಬಣ್ಣದ ಪುಡಿಯನ್ನು ಪರೀಕ್ಷಿಸಿದ ಇಂಗ್ಲೆಂಡಿನ ಬರ್ಕ್‌ಲಿ ಮತ್ತು ಬ್ರೂಮ್ ಅದಕ್ಕೆ ಹೆಮಿಲಿಯ ವಾಸ್ಟಾಟ್ರಿಕ್ಸ್ ಎಂಬ ಹೆಸರಿಟ್ಟರು. ಅದೇ ನಮ್ಮ ಎಲೆ ತುಕ್ಕು. ಹೆಚ್ಚು ತಡವಿಲ್ಲದೆ ಅದು ದಕ್ಷಿಣ ಭಾರತದ ತೋಟಗಳಲ್ಲೂ ಕಾಣಿಸಿತು. 1880ರಿಂದ 1882ರವರೆಗೆ ಸಿಲೋನಿನಲ್ಲಿದ್ದು ಈ ರೋಗವನ್ನು ಅಭ್ಯಸಿಸಿದ ಮಾರ್ಷಲ್ ವಾರ್ಡ್, ಗಾಳಿಗೆ ತಡೆಯೇ ಇಲ್ಲದೆ ಗುಡ್ಡದಿಂದ ಗುಡ್ಡಕ್ಕೆ ಕಾಫಿಯೊಂದನ್ನೇ ಹಬ್ಬಿಸಿದ್ದು ರೋಗಕ್ಕೆ ದಾರಿ ಮಾಡಿತೆಂದು ವಿವರಿಸಿದ. ಆದರೆ ಕಾಲ ಮೀರಿತ್ತು. ಆ ದಶಕ ಮುಗಿಯುವ ಹೊತ್ತಿಗೆ ಸಿಲೋನಿನ ಕಾಫಿ ಬಹುತೇಕ ನೆಲ ಕಚ್ಚಿ, ಅದರ ಜಾಗದಲ್ಲಿ ಚಹಾ ಎದ್ದಿತು.

ನಮ್ಮಲ್ಲಿ ಕಾಫಿ ಪೂರ್ತಿ ಹೋಗದೆ ಉಳಿದುದಕ್ಕೆ ಮರದ ನೆರಳು, ಬೋರ್ಡೋ ದ್ರಾವಣ ಮತ್ತು ತಳಿಗಳ ಬದಲಾವಣೆ ಎಲ್ಲವೂ ನೆರವಾದವು. ಮೊದಲಿದ್ದ 'ಚಿಕ್ಸ್' ತಳಿ ಸೋತಾಗ 'ಕೂರ್ಗ್' ತಳಿ ಬಂತು. ಕೂರ್ಗ್ ತಳಿಯೂ ತುಕ್ಕಿಗೆ ಬಗ್ಗಿತು. 1911ರಲ್ಲಿ ಮೈಸೂರು ಸೀಮೆಯ ಪ್ಲಾಂಟರ್ ಕೆಂಟ್ ತಮ್ಮ ತೋಟದಲ್ಲಿ ಚೆನ್ನಾಗಿ ನಿಂತ ಗಿಡವೊಂದನ್ನು ಗುರುತಿಸಿ ಅದರ ಬೀಜ ಬೆಳೆಸಿದರು. ಅದೇ 'ಕೆಂಟ್ಸ್'. ಕೆಲಕಾಲ ಅದು ತುಕ್ಕಿಗೆ ಜಗ್ಗಲಿಲ್ಲ. ಆಮೇಲೆ ಅದಕ್ಕೂ ತುಕ್ಕು ಹತ್ತಿತು.

ಆಗಲೂ ಕೇಳಿಬಂದ ಪ್ರಶ್ನೆ ಇಂದಿನದೇ: ತಳಿ ಕೆಟ್ಟಿತೇ? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ನೆಲದಲ್ಲೇ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಪ್ರಯೋಗ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಡಬ್ಲ್ಯು. ಡಬ್ಲ್ಯು. ಮೇನ್, ತುಕ್ಕಿನಲ್ಲೂ ಪಂಗಡಗಳಿವೆ ಎಂದು 1932ರಲ್ಲಿ ಪ್ರಕಟಿಸಿದರು. ಒಂದು ಪಂಗಡ ಕೂರ್ಗ್ ಗಿಡಕ್ಕೆ ಹತ್ತುತ್ತದೆ, ಕೆಂಟ್ಸಿಗೆ ಹತ್ತುವುದಿಲ್ಲ. ಇನ್ನೊಂದು ಎರಡಕ್ಕೂ ಹತ್ತುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಒಂದೇ. ಯಾವ ಗಿಡಕ್ಕೆ ಹತ್ತುತ್ತವೆ ಎಂಬುದರಿಂದಲೇ ಗುರುತು ಹಿಡಿಯಬೇಕು. ಕಾಫಿ ತುಕ್ಕಿನಲ್ಲಿ ಪಂಗಡಗಳಿವೆಯೆಂದು ಜಗತ್ತಿಗೆ ತಿಳಿದದ್ದು ಬಾಳೆಹೊನ್ನೂರಿನ ಈ ಕೆಲಸದಿಂದ.

ಬೀಗ ಮತ್ತು ಬೀಗದಕೈ

ಈ ಪಂಗಡಗಳ ಒಳಗುಟ್ಟು ಏನು? ಅಮೆರಿಕದ ಎಚ್. ಎಚ್. ಫ್ಲೋರ್ ಎಂಬ ವಿಜ್ಞಾನಿ 1940ರ ದಶಕದಲ್ಲಿ ಅಗಸೆ ಗಿಡದ ತುಕ್ಕಿನ ಮೇಲೆ ಪ್ರಯೋಗ ಮಾಡಿ ಒಂದು ನಿಯಮ ಕಂಡರು. ಗಿಡದಲ್ಲಿ ರೋಗ ತಡೆಯುವ ಪ್ರತಿಯೊಂದು ವಂಶವಾಹಿಗೂ ಎದುರಾಗಿ ಶಿಲೀಂಧ್ರದಲ್ಲಿ ಒಂದು ವಂಶವಾಹಿ ಇರುತ್ತದೆ. ನಾವು ಇದನ್ನು ಬೀಗ ಮತ್ತು ಬೀಗದಕೈ ಎಂದು ತಿಳಿಯಬಹುದು. ಗಿಡ ಬಾಗಿಲಿಗೆ ಬೀಗ ಹಾಕಿದೆ. ಆ ಬೀಗಕ್ಕೆ ಹೊಂದುವ ಕೀಲಿಕೈ ಇರುವ ಬೀಜಾಣು ಮಾತ್ರ ಒಳಹೊಕ್ಕು ಬೆಳೆಯುತ್ತದೆ. ಉಳಿದವು ಎಲೆಯ ಮೇಲೆ ಮೊಳೆತರೂ ಬೆಳೆಯಲಾರದೆ ಸಾಯುತ್ತವೆ.

ಪೋರ್ಚುಗಲ್ಲಿನ ಒಯಿರಾಸ್ ಎಂಬಲ್ಲಿ 1955ರಲ್ಲಿ ಸ್ಥಾಪನೆಯಾದ ಕಾಫಿ ತುಕ್ಕು ಸಂಶೋಧನ ಕೇಂದ್ರವು ಹಲವು ದೇಶಗಳ ತುಕ್ಕನ್ನು ತರಿಸಿ ಪರೀಕ್ಷಿಸಿ, ಕಾಫಿಯಲ್ಲಿ ಇಂಥ ಒಂಬತ್ತು ಬೀಗಗಳನ್ನು ಗುರುತಿಸಿತು. ಅರೇಬಿಕಾದ ಸ್ವಂತದವು ನಾಲ್ಕು. ಒಂದು ಲೈಬೀರಿಕಾ ಕಾಫಿಯಿಂದ ಬಂದದ್ದು. ಇನ್ನು ನಾಲ್ಕು ರೋಬಸ್ಟಾದವು.

ಈಗ ಎಸ್. 795ರ ಕಥೆ ಬಿಚ್ಚಿಕೊಳ್ಳುತ್ತದೆ. ಹೆಸರಿನ ಎಸ್ ಎಂದರೆ ಸೆಲೆಕ್ಷನ್, ಆಯ್ಕೆ. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿ ಕೂಡಿ ಹುಟ್ಟಿದ್ದೆನ್ನಲಾದ ಗಿಡವೊಂದರ ಸಂತತಿ ಎಸ್. 288. ಅದಕ್ಕೆ ಕೆಂಟ್ಸ್ ತಳಿಯನ್ನು ಕೂಡಿಸಿ ಪಡೆದದ್ದು ಎಸ್. 795. 1940ರ ದಶಕದ ನಡುವೆ ಇದು ಬೆಳೆಗಾರರ ಕೈಗೆ ಬಂತು. ಲೈಬೀರಿಕಾದ ಬೀಗವಿದ್ದುದರಿಂದ ಆಗ ತೋಟಗಳಲ್ಲಿದ್ದ ಸಾಮಾನ್ಯ ತುಕ್ಕಿನ ಪಂಗಡಗಳಿಗೆ ಅದರ ಬಾಗಿಲು ತೆರೆಯಲಿಲ್ಲ. ಇಳುವರಿಯೂ ಕಪ್ಪಿನ ರುಚಿಯೂ ಚೆನ್ನಾಗಿದ್ದವು. ತಳಿ ಗುಡ್ಡಗಳನ್ನು ತುಂಬಿತು. ಗುಡ್ಡಗಳನ್ನು ತುಂಬಿದ್ದೇ ಮುಂದಿನ ಕಷ್ಟಕ್ಕೆ ಕಾರಣವೂ ಆಯಿತು.

ಒಂದು ಲೆಕ್ಕ

ಅದು ಹೇಗೆಂದು ಸುಲಭದ ಲೆಕ್ಕದಿಂದ ನೋಡೋಣ. ಇಲ್ಲಿ ಕೊಡುವ ಅಂಕಿಗಳು ಲೆಕ್ಕ ತೋರಿಸಲು ಹಿಡಿದವೇ ಹೊರತು ಅಳೆದು ಬರೆದವಲ್ಲ.

ತುಕ್ಕಿನ ಒಂದೊಂದು ಕಲೆಯೂ ತನ್ನ ಆಯುಷ್ಯದಲ್ಲಿ ಲಕ್ಷಗಟ್ಟಲೆ ಬೀಜಾಣು ಉದುರಿಸಬಲ್ಲದು. ಇಷ್ಟು ನಕಲುಗಳಾಗುವಾಗ ವಂಶವಾಹಿಯಲ್ಲಿ ಎಲ್ಲೋ ಒಂದು ತಪ್ಪು ನುಸುಳುವುದು ಸಹಜ. ಇದನ್ನು ಉತ್ಪರಿವರ್ತನೆ ಎನ್ನುತ್ತಾರೆ. ಹೆಚ್ಚಿನ ತಪ್ಪುಗಳಿಂದ ಪ್ರಯೋಜನವಿಲ್ಲ. ಅಪರೂಪಕ್ಕೆ ಒಂದು ತಪ್ಪು ಹೊಸ ಬೀಗಕ್ಕೆ ಹೊಂದುವ ಕೀಲಿಕೈಯಾಗಿಬಿಡುತ್ತದೆ. ಒಂದು ಲಕ್ಷ ಬೀಜಾಣುಗಳಲ್ಲಿ ಇಂಥದು ಒಂದು ಇದೆ ಎಂದುಕೊಳ್ಳೋಣ. ಹಳೆಯ ತಳಿಯ ತೋಟದಲ್ಲಿ ಅದಕ್ಕೆ ವಿಶೇಷ ಲಾಭವಿಲ್ಲ. ಲಕ್ಷದಲ್ಲಿ ಒಂದಾಗಿಯೇ ಇರುತ್ತದೆ.

ಈಗ ಗುಡ್ಡವೆಲ್ಲ ಹೊಸ ತಳಿಯಾಯಿತು. ಉಳಿದ 99,999 ಬೀಜಾಣುಗಳು ಸತ್ತವು. ಆ ಒಂದು ಬದುಕಿ ಒಂದು ಕಲೆಯಾಯಿತು. ಪ್ರತಿ ಕಲೆಯಿಂದ ಹತ್ತು ಹೊಸ ಕಲೆಗಳು ಹುಟ್ಟುತ್ತವೆ ಎಂದರೆ ಎರಡನೆಯ ತಲೆಮಾರಿಗೆ 100, ಮೂರನೆಯದಕ್ಕೆ 1,000. ಆರನೆಯ ತಲೆಮಾರಿಗೆ ಕಲೆಗಳು 10 ಲಕ್ಷ. ಮಳೆಗಾಲದ ತಂಪು ತೇವದಲ್ಲಿ ತುಕ್ಕಿಗೆ ಒಂದು ತಲೆಮಾರು ಮುಗಿಸಲು ಕೆಲವೇ ವಾರ ಸಾಕು. ಬೇಸಿಗೆ ಅದನ್ನು ತಗ್ಗಿಸುತ್ತದೆ, ಮುಂದಿನ ಮಳೆ ಮತ್ತೆ ಎಬ್ಬಿಸುತ್ತದೆ. ಲಕ್ಷಕ್ಕೆ ಒಂದಿದ್ದದ್ದು ಕೆಲವು ವರ್ಷಗಳಲ್ಲಿ ಇಡೀ ಗುಡ್ಡದ ತುಕ್ಕಾಗುವುದು ಹೀಗೆ.

ಇಲ್ಲಿ ಶಿಲೀಂಧ್ರಕ್ಕೆ ಬುದ್ಧಿ ಬಂದದ್ದಿಲ್ಲ, ಹಟ ಬಂದದ್ದಿಲ್ಲ. ಅದು ಏನನ್ನೂ ಕಲಿಯಲಿಲ್ಲ. ಜರಡಿ ಹಿಡಿದವರು ನಾವು. ಒಂದೇ ಬೀಗದ ಗಿಡವನ್ನು ಗುಡ್ಡದ ತುಂಬಾ ನೆಟ್ಟು, ಆ ಒಂದು ಕೀಲಿಕೈಗೆ ಇಡೀ ಗುಡ್ಡವನ್ನು ಬಿಟ್ಟುಕೊಟ್ಟದ್ದು ನಮ್ಮ ನಾಟಿಯ ಕ್ರಮ.

ಅದೇ ಲೆಕ್ಕವನ್ನು ಬೇರೆ ರೀತಿ ಮಾಡೋಣ. ತೋಟದಲ್ಲಿ ಅರ್ಧ ಗಿಡಗಳು ಬೇರೊಂದು ಬೀಗದವು, ಎರಡೂ ಬಗೆ ಬೆರೆತು ನಿಂತಿವೆ. ಹಾರಿದ ಬೀಜಾಣುಗಳಲ್ಲಿ ಅರ್ಧ ತಮಗೆ ತೆರೆಯದ ಬಾಗಿಲಿಗೆ ಬಡಿದು ಸಾಯುತ್ತವೆ. ಒಂದು ಕಲೆಯಿಂದ ಹತ್ತರ ಬದಲು ಐದು ಕಲೆಗಳು ಹುಟ್ಟುತ್ತವೆ. ಆರನೆಯ ತಲೆಮಾರಿಗೆ ಸಿಗುವ ಸಂಖ್ಯೆ 15,625. ಹತ್ತು ಲಕ್ಷವೆಲ್ಲಿ, ಹದಿನೈದು ಸಾವಿರವೆಲ್ಲಿ! ಅರವತ್ತನಾಲ್ಕರಲ್ಲಿ ಒಂದು ಪಾಲು. ರೋಗ ನಿಲ್ಲಲಿಲ್ಲ ನಿಜ, ಆದರೆ ಅದರ ಓಟ ತಗ್ಗಿತು. ಎರಡೂ ಕೀಲಿಕೈಗಳನ್ನು ಒಟ್ಟಿಗೆ ಹೊತ್ತ ಪಂಗಡ ಮುಂದೆ ಹುಟ್ಟಬಹುದು; ಅದಕ್ಕೆ ಹೆಚ್ಚು ಕಾಲ ಬೇಕಾಗುತ್ತದೆ.

ಹಾಲ್ಡೇನರು ರೋಗ ಮತ್ತು ವಿಕಾಸದ ಬಗ್ಗೆ 1949ರಲ್ಲಿ ಬರೆದ ಪ್ರಬಂಧದಲ್ಲಿ ಹೇಳಿದ್ದೂ ಇದನ್ನೇ. ರೋಗಾಣುಗಳು ಹೆಚ್ಚಾಗಿರುವ ಬಗೆಯ ಜೀವಿಗೆ ಹೊಂದಿಕೊಳ್ಳುತ್ತವೆ. ಆದುದರಿಂದ ವಿರಳವಾಗಿರುವ ಬಗೆಗೆ ಅದರ ವಿರಳತೆಯೇ ರಕ್ಷಣೆ. ಒಂದು ಜಾತಿಯೊಳಗೆ ವೈವಿಧ್ಯ ಇರುವುದು ಅದರ ಉಳಿವಿಗೇ ಒಳ್ಳೆಯದು.

ಹೊಸ ಜಾತಿ ಹುಟ್ಟುವುದು

ವಂಶವಾಹಿಗಳ ಪಾಲು ಏರಿಳಿಯುವುದು ಒಂದು ಜಾತಿಯೊಳಗಿನ ಬದಲಾವಣೆ. ಇದರಿಂದ ಹೊಸ ಜಾತಿಯೇ ಹುಟ್ಟುವುದು ಹೇಗೆ ಎಂದು ಕೆಲವರು ಕೇಳಬಹುದು. ಸಾಮಾನ್ಯವಾಗಿ ಎರಡು ಸಮುದಾಯಗಳು ಬೆಟ್ಟವೋ ಸಮುದ್ರವೋ ಅಡ್ಡ ಬಂದು ಬೇರೆಯಾಗಿ, ಸಾವಿರಾರು ತಲೆಮಾರು ಬೇರೆ ಬೇರೆ ಜರಡಿಗೆ ಬಿದ್ದು, ಕೊನೆಗೆ ಒಂದಕ್ಕೊಂದು ಕೂಡಿ ಫಲ ಕೊಡಲಾರದಷ್ಟು ದೂರವಾಗುತ್ತವೆ. ಗಿಡಗಳಲ್ಲಿ ಇನ್ನೊಂದು ದಾರಿಯೂ ಉಂಟು. ಅರೇಬಿಕಾವೇ ಅದಕ್ಕೆ ಸಾಕ್ಷಿ.

ಕಾಫಿಯ ಇತರ ಜಾತಿಗಳ ಜೀವಕೋಶದಲ್ಲಿ 22 ವರ್ಣತಂತುಗಳಿದ್ದರೆ ಅರೇಬಿಕಾದಲ್ಲಿ 44 ಇವೆ. ಕಾರಣ, ಅರೇಬಿಕಾ ಎರಡು ಜಾತಿಗಳು ಕೂಡಿ ಹುಟ್ಟಿದ ಗಿಡ. ಒಂದು ನಮ್ಮ ರೋಬಸ್ಟಾ, ಇನ್ನೊಂದು ಆಫ್ರಿಕದ ಯುಜಿನಾಯ್ಡಿಸ್ ಎಂಬ ಕಾಡು ಕಾಫಿ. ಎರಡರ ವರ್ಣತಂತುಗಳೂ ಪೂರ್ತಿಯಾಗಿ ಒಂದೇ ಗಿಡದಲ್ಲಿ ಸೇರಿಕೊಂಡವು. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದು ಸುಮಾರು 6 ಲಕ್ಷ ವರ್ಷಗಳ ಹಿಂದೆ ನಡೆಯಿತೆಂದು ಅಂದಾಜು ಮಾಡಿದೆ. ನಮ್ಮ ಅರೇಬಿಕಾದ ಬುಡವೇ ಇಷ್ಟು ಇಕ್ಕಟ್ಟಿನದು. ಏಳು ಬೀಜಗಳ ಪ್ರಯಾಣ ಅದನ್ನು ಇನ್ನಷ್ಟು ಇಕ್ಕಟ್ಟು ಮಾಡಿತು.

ಪ್ರಕೃತಿ ಇಂಥ ಕೂಡುವಿಕೆಯನ್ನು ಮತ್ತೆಯೂ ಮಾಡಿದೆ. ತೈಮೂರ್ ದ್ವೀಪದ ಅರೇಬಿಕಾ ತೋಟವೊಂದರಲ್ಲಿ 1927ರಲ್ಲಿ ತುಕ್ಕು ಹತ್ತದ ಒಂದು ಗಿಡ ಕಣ್ಣಿಗೆ ಬಿತ್ತು. ಅದು ರೋಬಸ್ಟಾ ಮತ್ತು ಅರೇಬಿಕಾ ತಾವಾಗಿ ಕೂಡಿ ಹುಟ್ಟಿದ್ದು. ಅದರ ಸಂತತಿಯೇ ಹೆಸರಾಂತ ತೈಮೂರ್ ಹೈಬ್ರಿಡ್. ಕೊಡಗಿನಲ್ಲಿ ಸಿಕ್ಕ ದೇವಮಚ್ಚಿ ಹೈಬ್ರಿಡ್ಡೂ ಇದೇ ಬಗೆಯದು. ರೋಬಸ್ಟಾದ ನಾಲ್ಕು ಬೀಗಗಳು ಅರೇಬಿಕಾ ತಳಿಗಳಿಗೆ ಬಂದದ್ದು ತೈಮೂರಿನ ಆ ಗಿಡದ ಸಂತತಿಯ ದಾರಿಯಿಂದ. 1980ರ ದಶಕದಲ್ಲಿ ನಮ್ಮಲ್ಲಿಗೆ ಬಂದ ಕಾವೇರಿ ಮತ್ತು 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ಎರಡರಲ್ಲೂ ತೈಮೂರಿನ ರಕ್ತವಿದೆ. ಕಾವೇರಿ ಮೊದಲು ತುಕ್ಕಿಗೆ ಗಟ್ಟಿಯಾಗಿ ನಿಂತಿತು. ವರ್ಷಗಳು ಕಳೆದಂತೆ ಅದಕ್ಕೂ ತುಕ್ಕು ಹತ್ತತೊಡಗಿತು. ಜಗತ್ತಿನಲ್ಲಿ ಇದುವರೆಗೆ ಗುರುತಿಸಿರುವ ತುಕ್ಕಿನ ಪಂಗಡಗಳು ಐವತ್ತಕ್ಕೂ ಹೆಚ್ಚು. ಹೊಸ ತಳಿ ಬಂದಾಗಲೆಲ್ಲ "ಇನ್ನು ತುಕ್ಕಿನ ಚಿಂತೆಯಿಲ್ಲ" ಎಂಬ ಮಾತನ್ನು ನಾವು ಎಚ್ಚರದಿಂದ ಕೇಳಬೇಕಾದುದು ಇದಕ್ಕೇ.

ಅಡಿಕೆಯವರಿಗೂ ಒಂದು ಮಾತು

ಇದೆಲ್ಲ ಕಾಫಿಯವರ ಪಾಡು ಎಂದು ಅಡಿಕೆ ಬೆಳೆಗಾರರು ಪುಟ ತಿರುಗಿಸಬೇಕಾಗಿಲ್ಲ. ಅಡಿಕೆಯ ಸ್ವಭಾವ ಅರೇಬಿಕಾಕ್ಕೆ ತದ್ವಿರುದ್ಧ. ಒಂದೇ ಹಿಂಗಾರದಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ, ಹೆಣ್ಣು ಹೂಗಳು ಆಮೇಲೆ ಅರಳುತ್ತವೆ. ಹೀಗಾಗಿ ಪರಾಗ ಹೆಚ್ಚಾಗಿ ನೆರೆಯ ಮರದಿಂದ ಗಾಳಿಯಲ್ಲಿ ಬರುತ್ತದೆ. ನೀವು ಆರಿಸಿದ ತಾಯಿಮರ ಎಷ್ಟೇ ಚೆನ್ನಾಗಿರಲಿ, ಗೋಟಿನಲ್ಲಿ ಅರ್ಧ ವಂಶ ಯಾವ ಮರದ್ದೋ ಗೊತ್ತಿಲ್ಲ. ತಾಯಿಮರದ ಇಳುವರಿಯಲ್ಲಿಯೂ ಒಂದು ಪಾಲು ಅದರ ವಂಶದ್ದಲ್ಲ. ಅದು ನಿಂತ ಜಾಗದ್ದು, ಬುಡಕ್ಕೆ ಬಿದ್ದ ಗೊಬ್ಬರದ್ದು, ಬಸಿಗಾಲುವೆಯದ್ದು.

ತೋಟದ ಸರಾಸರಿ ಮರಕ್ಕೆ 2 ಕಿಲೋ, ಆರಿಸಿದ ಮರಕ್ಕೆ 4 ಕಿಲೋ ಎಂದಿಟ್ಟುಕೊಂಡರೆ ಅದರ ಸಸಿಗಳು 4 ಕಿಲೋ ಕೊಡುತ್ತವೆಂದು ನಿರೀಕ್ಷಿಸಬಾರದು. ಅವುಗಳ ಸರಾಸರಿ ಎರಡರ ನಡುವೆ ಎಲ್ಲೋ, ಹೆಚ್ಚಾಗಿ 2ರ ಕಡೆಗೇ ನಿಲ್ಲುತ್ತದೆ. ಹಾಗೆಂದು ಆಯ್ಕೆ ವ್ಯರ್ಥವಲ್ಲ. ಪ್ರತಿ ತಲೆಮಾರಿನಲ್ಲೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಹೋಗುತ್ತೇವೆ. ಒಂದೇ ಮರದ ಬದಲು ವರ್ಷ ವರ್ಷವೂ ಸಮನಾಗಿ ಫಸಲು ಕೊಡುವ ಹಲವು ಮರಗಳನ್ನು ಗುರುತಿಸಬೇಕು. ಸಾಧ್ಯವಾದರೆ ಸುತ್ತಲಿನ ಮರಗಳೂ ಒಳ್ಳೆಯವಾಗಿರುವ ತಾಕಿನಿಂದಲೇ ಬೀಜ ತೆಗೆಯಬೇಕು. ಸಸಿಮಡಿಯಲ್ಲಿ ಮತ್ತೊಮ್ಮೆ ಜರಡಿ ಹಿಡಿಯಬೇಕು. ಒಂದರಿಂದ ಒಂದೂವರೆ ವರ್ಷದ ಸಸಿಯಲ್ಲಿ ಐದು ಅಥವಾ ಹೆಚ್ಚು ಎಲೆಗಳಿರಲಿ, ಸೊರಗಿದವನ್ನು ನೆಡಬೇಡಿ. ಅಡ್ಡ ಪರಾಗದ ರೋಬಸ್ಟಾ ಬೀಜಕ್ಕೂ ಇದೇ ತತ್ತ್ವ. ಒಂದೇ ಗಿಡದ ಬೀಜದಿಂದ ಇಡೀ ತಾಕು ಎಬ್ಬಿಸಬಾರದು. ರೋಬಸ್ಟಾ ತನ್ನ ಪರಾಗವನ್ನು ತಾನೇ ಒಪ್ಪದ ಗಿಡವಾದ್ದರಿಂದ, ಬಳಗ ಇಕ್ಕಟ್ಟಾದಷ್ಟೂ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ.

ಕೊಳೆರೋಗದಿಂದಲೂ ಕಲಿಯುವುದಿದೆ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ 1910ರ ಸುಮಾರಿನಲ್ಲಿ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ನೂರು ವರ್ಷ ದಾಟಿದರೂ ಮೈಲುತುತ್ತು–ಸುಣ್ಣದ ಈ ಮದ್ದು ಸವೆದಿಲ್ಲ. ಏಕೆಂದರೆ ತಾಮ್ರ ರೋಗಾಣುವಿನ ಒಳಗೆ ಒಂದೇ ಕಡೆ ಹೊಡೆಯುವುದಿಲ್ಲ, ಹತ್ತಾರು ಕಡೆ ಹೊಡೆಯುತ್ತದೆ. ಒಂದು ಸಣ್ಣ ಬದಲಾವಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಗಿಡದೊಳಗೆ ಹೀರಿಕೊಳ್ಳುವ ಹೊಸ ಔಷಧಿಗಳಲ್ಲಿ ಹೆಚ್ಚಿನವು ಒಂದೇ ಕಡೆ ಹೊಡೆಯುವಂಥವು. ಅವು ಪರಿಣಾಮಕಾರಿಯೇ, ಆದರೆ ವರ್ಷವೂ ಅದೊಂದನ್ನೇ ಹೊಡೆದರೆ ಮತ್ತೆ ಅದೇ ಒಂದು ಬೀಗ, ಅದೇ ಜರಡಿ.

ನಾವು ಮಾಡಬಹುದಾದುದು

ತುಕ್ಕಿನ ವಿಕಾಸವನ್ನು ನಿಲ್ಲಿಸುವುದು ಯಾರ ಕೈಯಲ್ಲೂ ಇಲ್ಲ. ಅದನ್ನು ನಿಧಾನ ಮಾಡುವುದು ನಮ್ಮ ಕೈಯಲ್ಲಿದೆ.

1. ಮರುನಾಟಿಯಲ್ಲಿ ಇಡೀ ತೋಟಕ್ಕೆ ಒಂದೇ ತಳಿ ಬೇಡ. ಎರಡು ಮೂರು ತಳಿ ಇರಲಿ. ಕೊಯ್ಲಿನ ಅನುಕೂಲಕ್ಕೆ ಬೆರೆಸಿ ನೆಡಲಾಗದಿದ್ದರೆ ತಾಕು ತಾಕಾಗಿಯಾದರೂ ನೆಡಬಹುದು. ಆರಿಸುವಾಗ ಹೆಸರು ಬೇರೆಯಾದರೆ ಸಾಲದು, ವಂಶವೂ ಬೇರೆಯಿರಬೇಕು. ಕಾವೇರಿಯ ಪಕ್ಕ ಚಂದ್ರಗಿರಿ ನೆಟ್ಟರೆ ಎರಡರ ಬೀಗವೂ ತೈಮೂರಿನದೇ ಎಂಬುದು ನೆನಪಿರಲಿ.

2. ತುಕ್ಕು ಹತ್ತದ ತಳಿ ಎಂದು ಬೋರ್ಡೋ ಬಿಡಬೇಡಿ. ಮುಂಗಾರಿಗೆ ಮೊದಲೊಮ್ಮೆ, ಮಳೆ ಕಡಿಮೆಯಾದ ಮೇಲೊಮ್ಮೆ ಎಲೆಯ ಅಡಿಭಾಗಕ್ಕೆ ತಗಲುವಂತೆ ಶೇಕಡಾ 0.5ರ ದ್ರಾವಣ ಹೊಡೆಯುವ ವಾಡಿಕೆ ಹೊಸ ತಳಿಗೂ ಒಳ್ಳೆಯದೇ. ಕಲೆಗಳು ಕಡಿಮೆಯಾದಷ್ಟೂ ಬೀಜಾಣುಗಳು ಕಡಿಮೆ. ಬೀಜಾಣುಗಳು ಕಡಿಮೆಯಾದಷ್ಟೂ ಹೊಸ ಕೀಲಿಕೈ ಹುಟ್ಟುವ ಸಂದರ್ಭ ಕಡಿಮೆ.

3. ಹೀರಿಕೊಳ್ಳುವ ಔಷಧಿ ಬಳಸುವುದಾದರೆ ಬೋರ್ಡೋ ಜೊತೆ ಸರದಿಯ ಮೇಲೆ ಬಳಸಿ.

4. ನೆರಳನ್ನು ಹದವಾಗಿಡಿ, ಮರಗಸಿ ಮತ್ತು ಚಿಗುರು ತೆಗೆಯುವ ಕೆಲಸ ಸಕಾಲಕ್ಕೆ ಮಾಡಿ. ತುಕ್ಕಿನ ಬೀಜಾಣು ಮೊಳೆಯಲು ಎಲೆಯ ಮೇಲೆ ನೀರು ನಿಂತಿರಬೇಕು. ಗಾಳಿಯಾಡಿ ಬೇಗ ಒಣಗುವ ಎಲೆಯಲ್ಲಿ ಯಾವ ಪಂಗಡಕ್ಕೂ ಕಷ್ಟವೇ.

5. ತುಕ್ಕಿನ ವರ್ಷ ತೋಟ ಸುತ್ತಿ, ಅಕ್ಕಪಕ್ಕದ ಗಿಡಗಳು ಬೋಳಾದಾಗಲೂ ಎಲೆ ಉಳಿಸಿಕೊಂಡ ಗಿಡಗಳಿಗೆ ಗುರುತು ಕಟ್ಟಿ. ಒಂದು ವರ್ಷ ನೋಡಿ ಸಂಭ್ರಮಪಡಬೇಡಿ, ಮೂರು ನಾಲ್ಕು ವರ್ಷ ನೋಡಿ. ಕಲೆಯೇ ಬಾರದ ಗಿಡಕ್ಕಿಂತ ಕಲೆ ಬಂದರೂ ಎಲೆ ಉದುರಿಸದ ಗಿಡ ಕೆಲವು ಸಲ ಹೆಚ್ಚು ಬೆಲೆಯುಳ್ಳದ್ದು. ಇಂಥ ಗುಣದಲ್ಲಿ ಹಲವು ಸಣ್ಣ ವಂಶವಾಹಿಗಳ ಕೈಯಿರುತ್ತದೆ, ಅದನ್ನು ಒಂದೇ ಕೀಲಿಕೈ ಮುರಿಯಲಾರದು. ಇಂಥ ಗಿಡಗಳ ಸುದ್ದಿಯನ್ನು ಸಂಶೋಧನ ಕೇಂದ್ರದವರಿಗೆ ತಿಳಿಸಿ.

6. ಹಳೆಯ ತಳಿ ಎಂದು ಕೊನೆಯ ಗಿಡದವರೆಗೂ ಕಿತ್ತು ಹಾಕಬೇಡಿ. ಬೇಲಿಯ ಬದಿಯಲ್ಲಿ ಹತ್ತಿಪ್ಪತ್ತು ಗಿಡ ಉಳಿದರೆ ನಷ್ಟವಿಲ್ಲ. ಏಳು ಬೀಜಗಳಲ್ಲಿ ಬಾರದೆ ಹೋದದ್ದನ್ನು ಹುಡುಕಲು ಜಗತ್ತು ಇಥಿಯೋಪಿಯದ ಕಾಡಿಗೆ ಹೋಗಬೇಕಾಯಿತು. ನಮ್ಮ ಕೈಯಲ್ಲಿ ಇದ್ದದ್ದನ್ನು ನಾವೇ ಕಳೆಯುವುದು ಬೇಡ.

ಐದು ಎಕರೆಯವನು ಒಬ್ಬನೇ ಇಷ್ಟನ್ನು ಮಾಡಿದರೆ ಸಾಕೇ? ಸಾಲದು. ಬೀಜಾಣುವಿಗೆ ಬೇಲಿ ಗೊತ್ತಿಲ್ಲ. ಪಕ್ಕದ ತೋಟದ ಗಾಳಿ ನಮ್ಮ ತೋಟದ ಗಾಳಿಯೇ. ಒಂದು ಗುಡ್ಡದ ಹತ್ತು ಮಂದಿ ಮರುನಾಟಿಗೆ ಮೊದಲು ಕುಳಿತು ಯಾರು ಯಾವ ತಳಿ ನೆಡುವುದೆಂದು ಮಾತಾಡಿಕೊಂಡರೆ, ಒಬ್ಬೊಬ್ಬರು ಒಂದೊಂದೇ ತಳಿ ನೆಟ್ಟರೂ ಗುಡ್ಡದ ಮಟ್ಟಿಗೆ ವೈವಿಧ್ಯ ಸಿಗುತ್ತದೆ. ಬೋರ್ಡೋ ಹೊಡೆಯುವ ವಾರವನ್ನೂ ಹಾಗೆಯೇ ಒಟ್ಟಿಗೆ ಗೊತ್ತುಮಾಡಿಕೊಳ್ಳಬಹುದು. ಸಹಕಾರ ಎಂಬುದು ಗೊಬ್ಬರ ತರಿಸಲು ಮತ್ತು ಫಸಲು ಮಾರಲು ಮಾತ್ರ ಇರುವುದಲ್ಲ.

ತಳಿ ಕೆಟ್ಟಿತೇ ಎಂದು ಇನ್ನು ಯಾರಾದರೂ ಕೇಳಿದರೆ, ತಳಿ ನಿಂತಲ್ಲೇ ನಿಂತಿದೆ, ತುಕ್ಕು ನಡೆದು ಮುಂದೆ ಬಂದಿದೆ ಎಂದು ಹೇಳೋಣ. ಈ ಮಳೆಗಾಲಕ್ಕೆ ಸಸಿ ನೆಡಲಿರುವ ಸದಸ್ಯರು ಗುಂಡಿ ತೆಗೆಸುವ ಮೊದಲು ನೆರೆಯವರ ತೋಟದಲ್ಲಿ ಯಾವ ತಳಿ ಇದೆ ಎಂದು ಒಮ್ಮೆ ವಿಚಾರಿಸಿ, ಆಮೇಲೆ ತಮ್ಮ ಸಸಿ ಗೊತ್ತುಮಾಡಲಿ.